ಹದಿನೆಂಟನೇ ಡಬ್ಬ

ನನ್ನ ಸೋದರಮಾವ ಪಂಚಾಕ್ಷರಿ ಹೊಸ ಯಂತ್ರ ಮಾಡಿದಾಗಲೆಲ್ಲ ನನಗೆ ಊಟಕ್ಕೆ ಕರೆ ಬರುತ್ತದೆ. ಪ್ರೀತಿಗಲ್ಲ. ಪ್ರದರ್ಶನಕ್ಕೆ ಜನ ಬೇಕು, ಹಾಸ್ಟೆಲ್‌ನಲ್ಲಿರುವವರು ಊಟ ಅಂದರೆ ಎಲ್ಲಿಗಾದರೂ ಬರುತ್ತಾರೆ ಎನ್ನುವುದು ಅವರಿಗೆ ಗೊತ್ತು.

ಮಾವ ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ಹೋದ ವರ್ಷ ಹಾಲು ಉಕ್ಕುವ ಮೊದಲೇ ಕೂಗುವ ಪಾತ್ರೆ ಮಾಡಿದ್ದರು. ಅದು ಬರಬರುತ್ತಾ ಎಷ್ಟು ಚುರುಕಾಯಿತೆಂದರೆ ಹಾಲಿನವನು ಬೀದಿಯ ತಿರುವಿಗೆ ಬಂದ ಕೂಡಲೇ ಕೂಗತೊಡಗಿತು. ಹಾಲಿನವನು ಬೀದಿ ಬದಲಿಸಿದ. ಅತ್ತೆ ಗಿರಿಜಾಂಬ ಆ ಪಾತ್ರೆಯಲ್ಲಿ ಈಗ ದಾಸವಾಳದ ಗಿಡ ನೆಟ್ಟಿದ್ದಾರೆ. ಬೆಳಿಗ್ಗೆ ಹೊತ್ತು ಗಿಡ ಸ್ವಲ್ಪ ಗುನುಗುತ್ತದೆ.

ಈ ಸಲದ ಯಂತ್ರ ತಿಪಟೂರಿನ ಅವರ ಬೀದಿಯ ತುದಿಯಲ್ಲಿದ್ದ ಹಳೇ ಹಿಟ್ಟಿನ ಗಿರಣಿಯಲ್ಲಿತ್ತು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಗೋಡೆಯುದ್ದಕ್ಕೂ ಹದಿನೆಂಟು ಡಬ್ಬ, ನಡುವೆ ಹುರಿಯುವ ಬಾಣಲೆ, ಕೆಳಗೆ ರುಬ್ಬುವ ಕಲ್ಲು, ಬಾಣಲೆಯ ಮೇಲೆ ಬಗ್ಗಿಕೊಂಡ ಎರಡು ಹೊಳ್ಳೆಯ ತಾಮ್ರದ ಮೂಗು.

"ಇದರ ಹೆಸರು ದೂರಪುಡಿ," ಎಂದರು ಮಾವ.

"ಕಾಯಿಲೆ ಹೆಸರಿದ್ದ ಹಾಗಿದೆ," ಎಂದರು ಅತ್ತೆ.

"ನೀನು ಸುಮ್ಮನಿರು ಗಿರಿಜಾ. ನೋಡಿ ಎಲ್ಲರೂ. ಪುಡಿ ಯಾವ ಪ್ರಮಾಣದಲ್ಲಿ ಬೇಕು ಅಂತ ಮನೇಲಿ ಕೂತು ಕನ್ನಡದಲ್ಲಿ ಬರೀಬೇಕು. ಬರೆದ ಕಡತ ನಾನೇ ಮಾಡಿರೋ ರವಾನೆ ತಂತ್ರಾಂಶದ ಮೂಲಕ ಇಲ್ಲಿಗೆ ಬರುತ್ತೆ. ಯಂತ್ರ ಓದುತ್ತೆ, ಅಳೆಯುತ್ತೆ, ಹುರಿಯುತ್ತೆ. ಹದ ಬಂತೋ ಇಲ್ವೋ ಅಂತ ಈ ಮೂಗು ವಾಸನೆ ನೋಡುತ್ತೆ. ವಾಸನೆ ಸಿಗದಿದ್ರೆ ಮುಂದಕ್ಕೆ ಒಂದು ಹೆಜ್ಜೆ ಇಡಲ್ಲ, ಐದು ನಿಮಿಷ ಕಾದು ಬೆಂಕಿ ಆರಿಸಿ ಕೂತುಬಿಡುತ್ತೆ. ಅಷ್ಟು ಜವಾಬ್ದಾರಿ ಅದಕ್ಕೆ."

"ಕರೆಂಟ್ ಹೋದ್ರೆ?" ಎಂದು ಕೇಳಿದರು ಎದುರುಮನೆಯ ಶ್ಯಾಮಲಾ. ಅವರು ಬೆಳ್ಳುಳ್ಳಿ ಮುಟ್ಟುವುದಿಲ್ಲ, ಇಂಗು ಹಾಕದೆ ಮಜ್ಜಿಗೆಯನ್ನೂ ಕುಡಿಯುವುದಿಲ್ಲ.

ಮಾವ ಇದಕ್ಕೇ ಕಾದಿದ್ದರು. "ಮೇಲೆ ಸೋಲಾರ್, ಒಳಗೆ ಟೆಲಿಫೋನ್ ಎಕ್ಸ್‌ಚೇಂಜಿನ ಹಳೇ ಬ್ಯಾಟರಿ. ಇದನ್ನ ನಿಲ್ಲಿಸೋಕೆ ಯಾರ ಕೈಲೂ ಆಗಲ್ಲ."

ಈ ಮಾತು ಆಮೇಲೆ ನಿಜವಾಯಿತು.

ಬೇಸಿಗೆ. ಬೀದಿಯ ಪ್ರತಿ ಮನೆಯವರೂ ವರ್ಷಕ್ಕಾಗುವಷ್ಟು ಖಾರದಪುಡಿ, ಸಾರಿನಪುಡಿ ಮಾಡಿಸಿಡುವ ಕಾಲ. ಅದಕ್ಕೇ ಮಾವ ಎಲ್ಲರ ಫೋನಿಗೂ ತಮ್ಮ ಆ್ಯಪ್ ಹಾಕಿಕೊಟ್ಟಿದ್ದರು. ಸರತಿ ಹಿಡಿಯಬಹುದು, ತಮ್ಮ ಮನೆಯ ಪ್ರಮಾಣ ಬರೆದು ಕಳಿಸಬಹುದು. ಅಂದು ಅತ್ತೆಯ ಪ್ರಮಾಣದಿಂದಲೇ ಶುರು. ಮಾವ ಫೋನ್ ಒತ್ತಿದರು. ಡಬ್ಬಗಳ ಬಾಯಿ ಒಂದೊಂದಾಗಿ ತೆರೆದವು. ಮೂಗು ಬಾಣಲೆಯತ್ತ ಬಗ್ಗಿ, ಅಜ್ಜಿ ಒಬ್ಬಳು ಯೋಚಿಸುವ ಹಾಗೆ ಉಸಿರೆಳೆದು, ತಲೆ ಎತ್ತಿತು. ಹನ್ನೆರಡು ನಿಮಿಷಕ್ಕೆ ಬಿಸಿಬಿಸಿ ಪುಡಿಯ ಪೊಟ್ಟಣ, ಮೇಲೆ ಅಚ್ಚಾದ ಚೀಟಿ: 'ಗಿರಿಜಾಂಬ ಮನೆ ಸಾರಿನಪುಡಿ, ಅರ್ಧ ಕಿಲೋ.'

"ಬೇರೆಯವರ ಪ್ರಮಾಣ ನಮಗೆ ಕಾಣುತ್ತಾ?" ಎಂದು ಕೇಳಿದವರು ಜಬೀನಾ, ಮೂಲೆಮನೆಯ ಟೈಲರ್.

"ಓದೋದು, ತಿದ್ದೋದು, ನಡೆಸೋದು, ಮೂರಕ್ಕೂ ಅನುಮತಿ ಬೇಕು. ಬರೆದವರಿಗೆ ಬಿಟ್ಟು ಬೇರೆ ಯಾರಿಗೂ ಇಲ್ಲ. ನಾನೂ ನೋಡಲ್ಲ. ಗಿರಿಜಾಗೆ ಮಾತು ಕೊಟ್ಟಿದೀನಿ."

ಹದಿನೇಳು ಡಬ್ಬಗಳ ಮೇಲೆ ಹೆಸರಿತ್ತು. ಹದಿನೆಂಟನೆಯದರ ಮೇಲೆ ಏನೂ ಇರಲಿಲ್ಲ. ಅದನ್ನು ಅತ್ತೆ ಬಾಗಿಲು ಹಾಕಿಕೊಂಡು ತಾವೇ ತುಂಬುತ್ತಿದ್ದರು.

"ಅದು ಅವಳ ತವರುಮನೆ ಗುಟ್ಟು," ಎಂದರು ಮಾವ ಹೆಮ್ಮೆಯಿಂದ.

ಊಟಕ್ಕೆ ಮೊದಲು ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಸೌಭಾಗ್ಯ, ನೀನು ಕಂಪ್ಯೂಟರ್ ಓದಿದೋಳು. ಆ ಬೀಗ ಗಟ್ಟಿ ಇದೆಯಾ?"

"ಮಾವ ಇದೆ ಅಂತಾರೆ."

"ಅದಕ್ಕೇ ನಿನ್ನ ಕೇಳ್ತಿರೋದು."

"ಡಬ್ಬದಲ್ಲಿ ಅಂಥದ್ದೇನಿದೆ ಅತ್ತೆ?"

ಅತ್ತೆ ಕಿಟಕಿ ಮುಚ್ಚಿ, ಅಕ್ಕಿ ಡಬ್ಬದ ಹಿಂದಿನಿಂದ ಒಂದು ಖಾಲಿ ಪೊಟ್ಟಣ ತೆಗೆದು ತೋರಿಸಿದರು. ಅಂಗಡಿಯ ಸಾರಿನಪುಡಿ. ಯಾವ ಕಿರಾಣಿ ಅಂಗಡಿಯಲ್ಲಾದರೂ ನೇತುಹಾಕಿರುವಂಥದ್ದು.

"ಕಾಲು ಭಾಗ," ಎಂದರು. "ಕಡತದಲ್ಲಿ ಹೆಸರು ಸಮೇತ ಬರೆದಿದೀನಿ."

ಮದುವೆಯಾಗಿ ಎರಡನೇ ದಿನ ಅವರ ಅತ್ತೆ ಸಾರು ಮಾಡು ಎಂದಿದ್ದರಂತೆ. ಇವರಿಗೆ ಬರುತ್ತಿರಲಿಲ್ಲ. ಮನೆಪುಡಿಗೆ ಅಂಗಡಿ ಪುಡಿ ಕಲಸಿದರು. ಮನೆಮಂದಿಯೆಲ್ಲ ತಟ್ಟೆ ಎತ್ತಿ ಕುಡಿದರು. ಯಾರ ಪುಡಿ ಎಂದು ಕೇಳಿದ್ದಕ್ಕೆ ತವರಿನದು ಎಂದರು. ಅದಾಗಿ ಇಪ್ಪತ್ತೆರಡು ವರ್ಷ. ಈಗ ಬೀದಿಯಲ್ಲಿ ಯಾರ ಮನೆಯಲ್ಲಿ ನಾಮಕರಣವಾದರೂ ಸಾರಿನಪುಡಿ ಅತ್ತೆಯದೇ.

"ಹೇಳಿಬಿಡಿ ಅತ್ತೆ, ಏನಾಗುತ್ತೆ?"

"ಗುರುವಾರ ನಿಮ್ಮ ವಾರ್ಡನ್ ಬರ್ತಿದ್ದಾರಲ್ಲ, ಅದಾಗುತ್ತೆ."

ಅದು ನಿಜ. ನಮ್ಮ ವಾರ್ಡನ್ ನೀಲಾಂಬಿಕೆ ಮೇಡಂ ತಾಲ್ಲೂಕಿನ ನಾಲ್ಕು ಹಾಸ್ಟೆಲ್‌ಗಳಿಗೆ ಸಾರಿನಪುಡಿ ಕೊಡುವವರನ್ನು ಹುಡುಕುತ್ತಿದ್ದರು. ಅತ್ತೆಯ ಹೆಸರು ಹೇಳಿದ್ದು ನಾನೇ. ನಮ್ಮ ಹಾಸ್ಟೆಲ್ ಸಾರು ಬಡಿಸಿಕೊಂಡ ಮೇಲೂ ತಟ್ಟೆಯ ತಳದಲ್ಲಿ ಕೊರೆದ ಹಾಸ್ಟೆಲ್ ಹೆಸರನ್ನು ಸ್ಪಷ್ಟವಾಗಿ ಓದಬಹುದು, ಹಾಗಾಗಿ ನನಗೂ ಸ್ವಾರ್ಥವಿತ್ತು. ಮೇಡಂ ಹಾಕಿದ್ದು ಒಂದೇ ಷರತ್ತು: ಅಂಗಡಿ ಪುಡಿ ಆಗಕೂಡದು, ಮನೆಪುಡಿ ಆಗಬೇಕು.

"ಹಾಗಾದ್ರೆ ಅದನ್ನ ಹಾಕಬೇಡಿ."

"ಹಾಕದಿದ್ರೆ ರುಚಿ ಬರಲ್ಲ ಕಣೆ. ಅದೇ ಅಲ್ವಾ ಕಷ್ಟ."

ಸೋಮವಾರ ಸಂಜೆ ಅತ್ತೆಯ ಫೋನ್ ಬಂತು. ಪುಡಿ ಇಂಗು ನಾರುತ್ತಿದೆಯಂತೆ. ನಾನು ಹೋದಾಗ ಮಾವ ಏಣಿ ಹತ್ತಿ ಯಂತ್ರದ ಮೂಗಿನೊಳಗೆ ಟಾರ್ಚ್ ಬಿಡುತ್ತಿದ್ದರು.

"ನೆಗಡಿ ಆಗಿದೆ," ಎಂದರು.

"ಯಂತ್ರಕ್ಕೆ ನೆಗಡಿ ಆದ್ರೆ ಇಂಗು ಎಲ್ಲಿಂದ ಬರುತ್ತೆ ರೀ? ನಾನು ಇಂಗು ಅಂತ ಬರೆದೇ ಇಲ್ಲ."

"ಮರೆತು ಬರೆದಿರ್ತೀಯ."

"ಕನ್ನಡಕ ಎಲ್ಲಿ ಅಂತ ದಿನಾ ನನ್ನ ಕೇಳೋರು ನೀವು, ಮರೆವು ನನಗೆ?"

ಮಂಗಳವಾರ ಪುಡಿಯಲ್ಲಿ ಚಕ್ಕೆ, ಲವಂಗ. ಸಾರು ಬಿರಿಯಾನಿಯ ಬಡ ನೆಂಟನ ಹಾಗಿತ್ತು. ಬುಧವಾರ ಬೆಳಿಗ್ಗೆ ಪುಡಿಯೇ ಬರಲಿಲ್ಲ. ಯಂತ್ರ ತನ್ನನ್ನು ತಾನು ತೊಳೆದುಕೊಳ್ಳಲು ಇಟ್ಟಿದ್ದ ಕೊಳಾಯಿ ಬಿಟ್ಟುಕೊಂಡು, ಹದವಾಗಿ ಹುರಿದ ಕೊತ್ತಂಬರಿ ಬೀಜದ ಮೇಲೆ ನೀರು ಸುರಿದು, ಒಂದು ಬಾಣಲೆ ಕೆಸರು ಕೊಟ್ಟಿತು. ಮೇಲೆ ಅಚ್ಚುಕಟ್ಟಾದ ಚೀಟಿ: 'ಗಿರಿಜಾಂಬ ಮನೆ ಸಾರಿನಪುಡಿ.'

ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಆದರೆ ಕೆಸರು ನೋಡಿ ಅಲ್ಲ.

"ಅದಕ್ಕೆ ಗೊತ್ತಾಗಿಬಿಟ್ಟಿದೆ ಸೌಭಾಗ್ಯ," ಎಂದರು ಪಿಸುದನಿಯಲ್ಲಿ.

"ಯಾವುದಕ್ಕೆ?"

"ಯಂತ್ರಕ್ಕೆ. ಮೂಗಿದೆಯಲ್ಲ. ಹದಿನೆಂಟನೇ ಡಬ್ಬದ ಸಾಲನ್ನ ಕಡತದಿಂದ ತೆಗೆದು ಹಾಕಿರುತ್ತೆ. ನಾನು ಮತ್ತೆ ಬರೀತೀನಿ. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದಿರುತ್ತೆ. ಇದುವರೆಗೆ ಆರು ಸಲ ಬರೆದೆ. ನಾನು ಮೋಸ ಮಾಡ್ತಿದೀನಿ ಅಂತ ಅದಕ್ಕೆ ಅಸಹ್ಯ ಆಗಿದೆ."

ಯಂತ್ರಗಳಿಗೆ ಅಸಹ್ಯವಾಗುವುದಿಲ್ಲ. ನನ್ನ ಫೋನಿನಲ್ಲೂ ಮಾವನ ಆ್ಯಪ್ ಇತ್ತು. ಗಿರಣಿಯ ಕಡತಗಳ ಪಟ್ಟಿ ತೆರೆದೆ. ನನಗೆ ನನ್ನದು ಮಾತ್ರ ಕಾಣಬೇಕಿತ್ತು. ಬೀದಿಯ ಎಲ್ಲ ಮನೆಗಳದೂ ಕಂಡವು. ಅತ್ತೆಯದನ್ನು ಒತ್ತಿದೆ. ತೆರೆದುಕೊಂಡಿತು. ಪಕ್ಕದಲ್ಲೇ ಅನುಮತಿಯ ಪಟ್ಟಿ. ಓದಲು: ಎಲ್ಲರೂ. ತಿದ್ದಲು: ಎಲ್ಲರೂ. ನಡೆಸಲು: ಎಲ್ಲರೂ.

ಕೆಳಗೆ ಯಾರು ಯಾವಾಗ ಏನು ತಿದ್ದಿದರು ಎನ್ನುವುದನ್ನು ಯಂತ್ರ ಬರೆದಿಟ್ಟಿತ್ತು. ಇಂಗು ಸೇರಿಸಿದವರು ಶ್ಯಾಮಲಾ. ಚಕ್ಕೆ, ಲವಂಗ ಜಬೀನಾ. ಕಡಲೆಬೇಳೆ, ಗಸಗಸೆ ಎಂದು ಚಿಟಿಕೆ ಚಿಟಿಕೆ ಸೇರಿಸಿದ ಮನೆಗಳು ಇನ್ನೂ ಆರು. 'ಮೊದಲು ಕೈ ಸ್ವಚ್ಛವಾಗಿ ತೊಳೆದುಕೊಳ್ಳತಕ್ಕದ್ದು' ಎಂಬ ಸಾಲು ಸೇರಿಸಿದವರು ನಿವೃತ್ತ ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಮ್ಮ. ಯಂತ್ರಕ್ಕೆ ಕೈ ಇಲ್ಲ, ಬಾಣಲೆ ಇದೆ. ಅದನ್ನೇ ತೊಳೆದಿತ್ತು. ಮತ್ತು ಈ ಮೂವರೂ ಎರಡೆರಡು ಸಲ ಮಾಡಿದ್ದ ಇನ್ನೊಂದು ಕೆಲಸವಿತ್ತು: ಅಂಗಡಿ ಪುಡಿಯ ಸಾಲನ್ನು ಅಳಿಸಿದ್ದು.

ಅಂದರೆ ಎಲ್ಲರಿಗೂ ಗೊತ್ತು. ಮೂರು ದಿನದಿಂದ ಗೊತ್ತು. ಒಬ್ಬರೂ ಬಾಯಿ ಬಿಟ್ಟಿಲ್ಲ.

ಯಾಕೆಂದು ಬಾಗಿಲಲ್ಲೇ ತಿಳಿಯಿತು. ಎದುರುಮನೆಯ ಜಗಲಿಯಲ್ಲಿ ಶ್ಯಾಮಲಾ ಸೊಪ್ಪು ಆರಿಸುತ್ತಾ ಕೂತಿದ್ದರು.

"ಏನಮ್ಮ, ನಿಮ್ಮತ್ತೆ ಪುಡಿ ಹೇಗೆ ಬರ್ತಿದೆ?"

"ಸ್ವಲ್ಪ ಇಂಗು ಜಾಸ್ತಿ."

"ಇಂಗು ಒಳ್ಳೇದು. ಹೊಟ್ಟೆಗೆ." ಒಂದು ದಂಟು ಮುರಿದರು. "ಅವರದು ಅಪ್ಪಟ ಮನೆಪುಡಿ, ಏನು ಹಾಕಿದ್ರೂ ಹೊಂದುತ್ತೆ."

'ಅಪ್ಪಟ' ಎಂದಾಗ ಅವರಿಗೆ ಕೆಮ್ಮು ಬಂತು. ನೋಡಿದೆ ಎಂದು ಹೇಳಿದರೆ ಇನ್ನೊಬ್ಬರ ಕಡತಕ್ಕೆ ಕೈ ಹಾಕಿದೆ ಎಂದು ಒಪ್ಪಿಕೊಂಡ ಹಾಗೆ. ಕಳ್ಳತನವನ್ನು ಕಂಡವರೂ ಗೋಡೆ ಹಾರಿ ಬಂದವರೇ.

ನಾನು ಮಾವನ ಹತ್ತಿರ ಹೋದೆ. ಗುಟ್ಟೇನೆಂದು ಹೇಳಲಿಲ್ಲ. ಕಡತ ಎಲ್ಲರಿಗೂ ತೆರೆದಿದೆ ಎಂದಷ್ಟೇ ಹೇಳಿದೆ.

"ನನ್ನ ತಂತ್ರಾಂಶನಾ? ಸಾಧ್ಯವೇ ಇಲ್ಲ," ಎಂದು ಮನೆಯ ಕಂಪ್ಯೂಟರ್ ತೆರೆದು ತೋರಿಸಿದರು. "ನೋಡು, ಬೀಗ ಬಿದ್ದಿದೆ."

"ಇಲ್ಲಿ ಬಿದ್ದಿದೆ ಮಾವ. ಗಿರಣಿಗೆ ಹೋದ ಪ್ರತಿಗೆ ಬಿದ್ದಿಲ್ಲ. ಕಳಿಸುವಾಗ ಬೀರುವಿನಲ್ಲಿತ್ತು, ತಲುಪಿದ ಮೇಲೆ ನಿಮ್ಮ ತಂತ್ರಾಂಶ ಅದನ್ನ ಕೊರಿಯರ್‌ನವನ ಹಾಗೆ ಜಗಲಿ ಮೇಲೆ ಇಟ್ಟು ಹೋಗಿದೆ."

ಮಾವ ನನ್ನ ಫೋನ್ ಇಸಕೊಂಡು ಅನುಮತಿಯ ಪಟ್ಟಿಯನ್ನು ಮಾತ್ರ ನೋಡಿದರು. ಕಡತ ತೆರೆಯಲಿಲ್ಲ, ಮಾತು ಕೊಟ್ಟಿದ್ದರಲ್ಲ. ಇಡೀ ಬೀದಿಯಲ್ಲಿ ಆ ಕಡತ ಓದದೆ ಉಳಿದವರು ಅವರೊಬ್ಬರೇ.

"ಏನಾಯ್ತು ಅಂದ್ರೆ," ಎಂದರು ಕೊನೆಗೆ, "ಶುರುವಿನಲ್ಲಿ ಯಂತ್ರ ಏನು ಕಳಿಸಿದ್ರೂ 'ಅನುಮತಿ ಇಲ್ಲ, ಅನುಮತಿ ಇಲ್ಲ' ಅಂತಿತ್ತು. ನಲವತ್ತು ಸಲ ಅಂತು. ಇಲಾಖೆಯಲ್ಲಿ ಮೂವತ್ತು ವರ್ಷ ಅದನ್ನೇ ಕೇಳಿದೋನು ನಾನು. ತಲೆ ಕೆಟ್ಟು, 'ಎಲ್ಲರಿಗೂ ಎಲ್ಲಾ' ಅಂತ ಬರೆದುಬಿಟ್ಟೆ. ಆಮೇಲೆ ಸರಿ ಮಾಡೋಣ ಅಂತ."

"ಆಮೇಲೆ?"

"ಆಮೇಲೆ ಕೆಲಸ ಮಾಡ್ತಿತ್ತಲ್ಲ. ಕೆಲಸ ಮಾಡೋದನ್ನ ಯಾರಾದ್ರೂ ಮುಟ್ತಾರಾ?"

ಗುರುವಾರ ಬೆಳಿಗ್ಗೆ ಮಾವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಒಗೆದ ಪಂಚೆ ಉಟ್ಟು, ಮೂರು ಕೆಲಸ ಮಾಡಿದರು. ಒಂದು, ವಾರ್ಡನ್‌ಗೆ ಮೆಚ್ಚುಗೆಯಾಗಲೆಂದು ಪುಡಿಯ ಚೀಟಿಯನ್ನು 'ಸಂಪೂರ್ಣ ವಿವರ' ಎನ್ನುವುದಕ್ಕೆ ಬದಲಿಸಿದರು. ಎರಡು, 'ನಿಲ್ಲಿಸು ಎನ್ನುವವರೆಗೆ ಅರೆ' ಎಂದು ಯಂತ್ರಕ್ಕೆ ಹೇಳಿದರು. ಮೂರು, ತೂತು ಮುಚ್ಚಿದರು. ಓದಲು, ತಿದ್ದಲು, ನಡೆಸಲು: ಯಾರಿಗೂ ಇಲ್ಲ.

ನಾನು ಹಾಸ್ಟೆಲ್‌ನಿಂದ ಬರುವಷ್ಟರಲ್ಲಿ ಬೀದಿ ಸೀನುತ್ತಿತ್ತು.

ಯಂತ್ರ ಇಪ್ಪತ್ತು ಪೊಟ್ಟಣ ಮುಗಿಸಿ ಇಪ್ಪತ್ತೊಂದನೆಯದಕ್ಕೆ ಕೈ ಹಾಕಿತ್ತು. ಮೆಣಸಿನಕಾಯಿಯ ಘಾಟು ಕೆಂಪು ಹೊಗೆಯಾಗಿ ಛಾವಣಿಯಿಂದ ಏಳುತ್ತಿತ್ತು. ದಾಸವಾಳದ ಗಿಡ ಕೂಗಿಕೊಳ್ಳುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಒಬ್ಬ ಕೆಳಗೆ ನಿಂತು ಸೀನಿದ್ದನ್ನು ಡ್ರೈವರ್ ಸೀಟಿ ಎಂದುಕೊಂಡು, ಅವನನ್ನು ಬಿಟ್ಟು ಅರಸೀಕೆರೆಗೆ ಹೊರಟುಹೋಗಿದ್ದನಂತೆ.

"ನಿಲ್ಲಿಸಿ ರೀ," ಎಂದರು ಅತ್ತೆ ಸೆರಗಿನೊಳಗಿಂದ.

"ಬಿಡ್ತಾ ಇಲ್ಲ," ಎಂದು ಮಾವ ಫೋನ್ ತೋರಿಸಿದರು. 'ಪಂಚಾಕ್ಷರಿ, ನಿಮಗೆ ಅನುಮತಿ ಇಲ್ಲ.'

"ನೀವೇ ಅಲ್ವಾ ಅನುಮತಿ ಕೊಡೋರು?"

"ಕೊಡೋಕೂ ಅನುಮತಿ ಬೇಕು. ಅದನ್ನೂ ತೆಗೆದುಬಿಟ್ಟೆ."

ಆ ಹೊತ್ತಿಗೆ ಆಟೋದಿಂದ ನೀಲಾಂಬಿಕೆ ಮೇಡಂ ಇಳಿದರು, ಕರವಸ್ತ್ರ ಮೂಗಿಗೆ ಒತ್ತಿಕೊಂಡು. ಶ್ಯಾಮಲಾ, ಜಬೀನಾ, ವಿಶಾಲಾಕ್ಷಮ್ಮ ಮೂವರೂ ಆಗಲೇ ಬಂದು ನಿಂತಿದ್ದರು, ಯಾಕೆಂದು ಕೇಳಬೇಕಿಲ್ಲ. ಮೇಡಂ ಒಂದು ಪೊಟ್ಟಣ ಎತ್ತಿಕೊಂಡರು. ಅದರ ಚೀಟಿ ಬಿಚ್ಚಿಕೊಂಡು ಅವರ ಮೊಣಕಾಲಿನವರೆಗೆ ಇಳಿಯಿತು. ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಹೆಸರಿನ ಪಟ್ಟಿ ಇರುತ್ತದಲ್ಲ, ಹಾಗಿತ್ತು.

ಮೇಡಂ ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು. ಹಾಸ್ಟೆಲ್‌ನಲ್ಲಿ ಹಾಜರಿ ಕೂಗುವ ದನಿ ಅದು, ಅವರಿಗೆ ಮೆಲ್ಲಗೆ ಓದಲು ಬರುವುದಿಲ್ಲ.

"ಅಂಗಡಿ ಪುಡಿ, ಕಾಲು ಭಾಗ. ಬರೆದವರು ಗಿರಿಜಾಂಬ."

ಮಾವ ತಿರುಗಿ ಅತ್ತೆಯನ್ನು ನೋಡಿದರು. ಅತ್ತೆ ಯಂತ್ರವನ್ನು ನೋಡಿದರು.

"ತೆಗೆದವರು ಶ್ಯಾಮಲಾ." ಒಂದು ಸೀನು. "ಮತ್ತೆ ಬರೆದವರು ಗಿರಿಜಾಂಬ. ತೆಗೆದವರು ಜಬೀನಾ. ಮತ್ತೆ ಬರೆದವರು ಗಿರಿಜಾಂಬ. ತೆಗೆದವರು ವಿಶಾಲಾಕ್ಷಮ್ಮ. ಇದೇನ್ರೀ ಇದು, ಕಬಡ್ಡಿನಾ?"

ಅತ್ತೆ ಮುಖದಿಂದ ಸೆರಗು ಸರಿಸಿದರು.

"ಹೌದು," ಎಂದರು ಅತ್ತೆ. "ಇಪ್ಪತ್ತೆರಡು ವರ್ಷದಿಂದ ಹಾಕ್ತಿದೀನಿ. ತವರಿಂದ ನಾನು ತಂದಿದ್ದು ಎರಡು ಕೊಡ, ಒಂದು ಟ್ರಂಕು. ಪುಡಿ ತಂದಿರಲಿಲ್ಲ." ಆಮೇಲೆ ಮೂವರ ಕಡೆ ತಿರುಗಿದರು. "ನಂದು ಹಾಗಿರಲಿ. ನನ್ನ ಕಡತದಲ್ಲಿ ನಿಮ್ಮ ಕೈ ಏನು ಮಾಡ್ತಿತ್ತು?"

"ತೆರೆದಿತ್ತು," ಎಂದರು ಶ್ಯಾಮಲಾ.

"ನಮ್ಮನೆ ಬಾಗಿಲೂ ಇಡೀ ದಿನ ತೆರೆದಿರುತ್ತೆ. ಬೀರು ತೆಗೀತೀರಾ?"

"ಯಾರಾದ್ರೂ ನೋಡಿಬಿಟ್ರೆ ನಿಮಗೆ ಅವಮಾನ ಅಂತ ಅಳಿಸಿದೆ ಅಕ್ಕಾ," ಎಂದರು ಜಬೀನಾ.

"ನೀನು ನೋಡಿದ್ಯಲ್ಲ?"

"ನಾನು ಯಾರಾದ್ರೂ ಅಲ್ವಲ್ಲ."

"ಮತ್ತೆ ಚಕ್ಕೆ, ಲವಂಗ?"

"ಅದು ತೆಗೆದಿದ್ದಕ್ಕೆ ಬದಲು. ರುಚಿ ಕಮ್ಮಿ ಆಗಬಾರದಲ್ಲ."

ವಿಶಾಲಾಕ್ಷಮ್ಮ ಗಂಟಲು ಸರಿಮಾಡಿಕೊಂಡರು. "ನಾನು ಶುಚಿತ್ವದ ವಿಷಯ ಮಾತ್ರ ಬರೆದೆ. ಉಳಿದದ್ದು ತಪ್ಪು ಕಂಡಿತು, ತಿದ್ದಿದೆ. ಮೂವತ್ತೈದು ವರ್ಷದ ಅಭ್ಯಾಸ."

ಮೇಡಂ ಚೀಟಿಯ ತುದಿಗೆ ಬಂದಿದ್ದರು. "ಬರೆದಿದ್ದು ಆರು ಸಲ. ಅವರು ತೆಗೆದಿದ್ದೂ ಆರು ಸಲ ಅಂದುಕೊಂಡೆ. ಏಳು ಇದೆ. ಕೊನೇ ಎರಡು ಸಾಲು ಬುಧವಾರ ಮಧ್ಯಾಹ್ನದ್ದು. ಕೈ ತೊಳೆಯುವ ವಿಷಯ, ತೆಗೆದವರು ಸೌಭಾಗ್ಯ. ಅಂಗಡಿ ಪುಡಿ, ಇನ್ನೂ ಉಳಿದಿದ್ದರೆ ಅದೂ ಬೇಡ. ತೆಗೆದವರು ಸೌಭಾಗ್ಯ."

ಎಲ್ಲರೂ ನನ್ನನ್ನು ನೋಡಿದರು. ನಾನೂ ಹಾಸ್ಟೆಲ್‌ನವಳೇ. ತೆರೆದ ಕಡತ ಕಂಡರೆ ನನ್ನ ಕೈಯೂ ಸುಮ್ಮನಿರುವುದಿಲ್ಲ.

"ನೀನೂನಾ?" ಎಂದರು ಅತ್ತೆ.

"ನಾನೂ ಯಾರಾದ್ರೂ ಅಲ್ವಲ್ಲ ಅತ್ತೆ."

ಮೇಡಂ ಪೊಟ್ಟಣ ಬಿಚ್ಚಿ, ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗೆ ಇಟ್ಟರು. ಮುಖದಲ್ಲಿ ಒಂದಷ್ಟು ಹೊತ್ತು ಬೇರೆ ಬೇರೆ ಅಭಿಪ್ರಾಯಗಳು ಓಡಾಡಿದವು. ಇಂಗು, ಚಕ್ಕೆ, ಲವಂಗ, ಆರು ಮನೆಯವರು ಸದ್ದಿಲ್ಲದೆ ಸೇರಿಸಿದ್ದ ಕಡಲೆಬೇಳೆ, ಗಸಗಸೆ, ಸೋಂಪು ಎಲ್ಲ ಅದರಲ್ಲಿತ್ತು.

"ಇದು ಸಾರಿನಪುಡಿ ಹೌದೋ ಅಲ್ಲವೋ ನನಗೆ ಗೊತ್ತಾಗ್ತಿಲ್ಲ," ಎಂದರು. "ಆದ್ರೆ ಅಂಗಡಿ ಪುಡಿ ಅಲ್ಲ. ಅದಕ್ಕೆ ಲಿಖಿತ ದಾಖಲೆ ಇದೆ. ಯಾವ ಪುಡಿಗೂ ಇಷ್ಟು ದಾಖಲೆ ನಾನು ನೋಡಿಲ್ಲ. ಮೇಲಿನವರು ಕೇಳಿದ್ರೆ ಈ ಚೀಟೀನೇ ಲಗತ್ತಿಸ್ತೀನಿ. ಮನೆಪುಡಿ ಅಂದ್ರೆ ಒಂದೇ ಮನೆ ಅಂತ ನಾನೇನೂ ಬರೆದಿಲ್ಲ." ಅಲ್ಲೇ ಗೋಡೆಗೆ ಕಾಗದ ಇಟ್ಟು ರುಜು ಹಾಕಿದರು. "ಈಗ ದಯವಿಟ್ಟು ಇದನ್ನ ನಿಲ್ಲಿಸಿ."

"ಅನುಮತಿ ಇಲ್ಲ ಮೇಡಂ," ಎಂದರು ಮಾವ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಿಸಿ ತಗಲದಂತೆ ಒಲೆಯ ಮಸಿಬಟ್ಟೆ ಹಿಡಿದು, ಹೊಗೆಯೊಳಗೆ ನಡೆದುಹೋಗಿ, ಕಷಾಯ ಕುಡಿಯದ ಮಕ್ಕಳಿಗೆ ಮಾಡುವಂತೆ ಯಂತ್ರದ ಎರಡೂ ಹೊಳ್ಳೆಗಳನ್ನು ಒತ್ತಿ ಹಿಡಿದರು.

ಯಂತ್ರ ವಾಸನೆಗಾಗಿ ಕಾಯಿತು. ಒಮ್ಮೆ ನಡುಗಿತು. ಐದು ನಿಮಿಷಕ್ಕೆ ಬೆಂಕಿ ಆರಿಸಿ ಕೂತುಬಿಟ್ಟಿತು.

ಇದಾಗಿ ಮೂರು ತಿಂಗಳಾಯಿತು. ಮಾವ ಅತ್ತೆಯ ಜೊತೆ ಒಂದು ವಾರ ಮಾತಾಡಲಿಲ್ಲ, ಸಾರು ಮಾತ್ರ ಎರಡೆರಡು ಸಲ ಹಾಕಿಸಿಕೊಂಡರು. ಖಾಲಿ ಪೊಟ್ಟಣ ಈಗ ಅಕ್ಕಿ ಡಬ್ಬದ ಹಿಂದಿಲ್ಲ, ಮುಂದೆಯೇ ಇರುತ್ತದೆ. ಅಂಗಡಿಗೆ ಹೋಗುವಾಗ ಶ್ಯಾಮಲಾ ಬಾಗಿಲಲ್ಲಿ ನಿಂತು, "ನಿಮಗೊಂದು ತರಲಾ?" ಎಂದು ಕೇಳುತ್ತಾರೆ. ಅವರ ಚೀಲದಲ್ಲಿ ಎರಡಿರುತ್ತವೆ.

ಯಂತ್ರದ ಬೀಗ ಇನ್ನೂ ತೆರೆದಿಲ್ಲ. ಆ ದಿನ ಮುಚ್ಚಿಹೋದ ಪ್ರಮಾಣವನ್ನು ಇನ್ನು ಯಾರೂ ತಿದ್ದುವಂತಿಲ್ಲ. ದಿನಾ ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಅದು ತಾನಾಗಿ ಎದ್ದು ಅದನ್ನೇ ಅರೆಯುತ್ತದೆ. ನಾಲ್ಕು ಹಾಸ್ಟೆಲ್‌ಗಳಿಗೆ ಅದೇ ಪುಡಿ ಹೋಗುತ್ತದೆ. ಮೊದಲು ನಮ್ಮ ಸಾರಿನಲ್ಲಿ ಏನೂ ಇರುತ್ತಿರಲಿಲ್ಲ, ಈಗ ಎಲ್ಲ ಇರುತ್ತದೆ. ತಟ್ಟೆಯ ತಳದ ಹೆಸರು ಕಾಣುವುದಿಲ್ಲ.

ಸಂಜೆ ಐದಕ್ಕೆ ಮಾವ ಮಸಿಬಟ್ಟೆ ಹಿಡಿದು ಗಿರಣಿಗೆ ಹೋಗಿ ಯಂತ್ರದ ಮೂಗು ಮುಚ್ಚುತ್ತಾರೆ. ಎಂಟಕ್ಕೆ ಮೆಸ್ಸಿನಲ್ಲಿ ಸಾರು ಬಡಿಸಿದಾಗ ನಾವು ನಮ್ಮದನ್ನು ಮುಚ್ಚಿಕೊಳ್ಳುತ್ತೇವೆ. ಇಷ್ಟಕ್ಕೆ ಮಾತ್ರ ಯಾರ ಅನುಮತಿಯೂ ಬೇಕಿಲ್ಲ.